ದಮನಕನೂ ಮೊಗಸಾಲೆಯೂ

ಪಂಚತಂತ್ರವು ಬಾಲಕರ ಓದಿಗೆಂದೇ ಹುಟ್ಟಿದ ಗ್ರಂಥವೆಂದೆಣಿಸುವುದು ನಮ್ಮಲ್ಲಿ ಬಹುಕಾಲದಿಂದ ರೂಢಿಯಾಗಿಬಿಟ್ಟಿದೆ. ಇದಕ್ಕೆ ಕಾರಣವಿಲ್ಲದೆ ಇಲ್ಲ. ಮಂದಮತಿಗಳಾದ ಮೂವರು ರಾಜಕುಮಾರರನ್ನು ಆರು ತಿಂಗಳೊಳಗಾಗಿ ನೀತಿಜ್ಞರನ್ನಾಗಿ ಮಾಡುವೆನೆಂದು ವಿಷ್ಣುಶರ್ಮನು ಪ್ರತಿಜ್ಞೆಮಾಡಿ ಇದನ್ನು ರಚಿಸಿದನೆಂದು ಗ್ರಂಥದ ಪೀಠಿಕೆಯೇ ಹೇಳುತ್ತದೆ. ಆದರೆ ಆ ಬಾಲಕರು ರಾಜಕುಮಾರರೆಂಬುದನ್ನು ನಾವು ಮರೆತೆವು. ನಾಳೆ ಸಿಂಹಾಸನದಲ್ಲಿ ಕುಳಿತುಕೊಳ್ಳತಕ್ಕವನ ಕಿವಿಯನ್ನು ಯಾರು ಯಾರು ಯಾವ ಯಾವ ಬಗೆಯಿಂದ ಹಿಡಿಯುವರೆಂಬುದನ್ನು ತೋರಿಸಿಕೊಡುವುದೇ ಮೊದಲನೆಯ ತಂತ್ರದ ಉದ್ದೇಶ. ನಮ್ಮ ಪಾಠಪುಸ್ತಕಗಳನ್ನು ಕಟ್ಟುವವರಾದರೋ ಒಳಗಿನ ಕಪಿ, ಮೊಸಳೆ, ಆಮೆ, ಹಂಸಗಳನ್ನು ಉಳಿಸಿಕೊಂಡು, ಅವುಗಳನ್ನೆಲ್ಲ ಹೊತ್ತುನಿಂತ ತೊಲೆಯನ್ನೇ ಕಿತ್ತು ಹೊರಗೆಸೆದಿರುವರು. ಮೂವತ್ತು ವರ್ಷಗಳಿಗೂ ಮಿಕ್ಕು ಈ ಕಥೆಗಳನ್ನು ಪಾಠಹೇಳಿದ ನನಗೆ ಮಿತ್ರಭೇದದ ಮೂಲಕಥೆಯನ್ನು ಆದ್ಯಂತವಾಗಿ ಹೇಳಿಕೊಡುವ ಒಂದೇ ಒಂದು ಪಠ್ಯವೂ ದೊರೆತಿರಲಿಲ್ಲ. ದೊರೆತಲ್ಲಿಯೂ ಕೊನೆಗೆ "ಚಾಡಿಯ ಮಾತನ್ನು ಕೇಳಬಾರದು" ಎಂಬುದೊಂದು ನೀತಿಯ ಬಾಲ. ದಮನಕನನ್ನು ಚಾಡಿಕೋರನೆಂದು ಕರೆದು ಕೈತೊಳೆದುಕೊಂಡರೆ ಕಥೆಯ ಅರ್ಧ ಸತ್ವವು ಹೋದಂತೆಯೇ ಸರಿ. ಈ ಮಾತನ್ನು ಸ್ವಲ್ಪ ವಿಸ್ತರಿಸಿ ಹೇಳಬೇಕಾಗಿದೆ.

ದಮನಕನು ಯಾರು? ಮಂತ್ರಿಯ ಮಗ, ಅಧಿಕಾರದಿಂದ ಭ್ರಷ್ಟನಾದವನು. ತಮ್ಮ ಕುಲದ ಪದವಿ ಹೋಗಿದ್ದರೂ ಕರಟಕ ದಮನಕರಿಬ್ಬರೂ ಸಿಂಹದ ಪರಿವಾರವನ್ನು ಬಿಟ್ಟುಹೋಗಿಲ್ಲ. ರಾಜನು ತಿಂದು ಬಿಟ್ಟದ್ದನ್ನು ತಿನ್ನುತ್ತ ಹಿಂದೆಹಿಂದೆಯೇ ಸುಳಿಯುತ್ತಿರುವರು. ಹೊಟ್ಟೆಗೆ ಕೊರತೆಯಿಲ್ಲ, ಕೊರತೆಯಿರುವುದು ಪದವಿಗೆ. ಪಿಂಗಳಕನು ನೀರು ಕುಡಿಯಲೆಂದು ಯಮುನೆಗೆ ಇಳಿದವನು ಎಲ್ಲಿಂದಲೋ ಬಂದ ಗೂಳಿಯ ಧ್ವನಿಗೆ ಹೆದರಿ, ಹೆದರಿದುದನ್ನು ಮರೆಸಿಕೊಂಡು, ಆಲದ ಮರದ ಕೆಳಗೆ ಪರಿವಾರವನ್ನು ಸುತ್ತ ನಿಲ್ಲಿಸಿಕೊಂಡು ಕುಳಿತನಷ್ಟೆ. ಎಲ್ಲರೂ ನೋಡಿದರು, ನೀರು ಕುಡಿಯದೆ ಹಿಂದಿರುಗಿದನೆಂಬುದನ್ನು ಗಮನಿಸಿದವನು ಮಾತ್ರ ದಮನಕನೊಬ್ಬನೇ. ಸಂಬಂಧವಿಲ್ಲದ ಕೆಲಸಕ್ಕೆ ಕೈಹಾಕಿದ ಕಪಿಯು ಬೆಣೆಯನ್ನು ಕಿತ್ತು ಸತ್ತ ಕಥೆಯನ್ನು ಕರಟಕನು ಹೇಳಿ ತಡೆದರೂ ಇವನು ಕೇಳಲಿಲ್ಲ. ಮುಂದಿನ ಸನ್ನಿವೇಶವನ್ನು ವಾಚಕರು ಲಕ್ಷ್ಯವಿಟ್ಟು ಓದಬೇಕು. ದಮನಕನು ಬರುವುದನ್ನು ಕಂಡೊಡನೆಯೇ ಸಿಂಹನು, ಇವನು ನಮ್ಮ ಹಳೆಯ ಮಂತ್ರಿಯ ಮಗ, ಇವನಿಗೆ ತಡೆಯಿಲ್ಲವೆಂದು ಹೇಳಿ ದ್ವಾರಪಾಲಕನ ಬೆತ್ತವನ್ನು ಪಕ್ಕಕ್ಕೆ ಸರಿಸುವಂತೆ ಅಪ್ಪಣೆ ಕೊಡಿಸುತ್ತಾನೆ. ಕವಿಯು ಈ ಬೆತ್ತವನ್ನು ಸುಮ್ಮನೆ ತಂದುದಲ್ಲ. ಇಡೀ ತಂತ್ರವು ಈ ಬೆತ್ತ ಸರಿದ ಸಂದಿಯಿಂದಲೇ ಒಳಗೆ ನುಗ್ಗಿದೆ. ಪ್ರಾರ್ಥನೆಯಿರುವವರು ಕಾಡಿನ ತುಂಬ ಇದ್ದಾರೆ, ಪ್ರವೇಶವಿರುವವನು ಒಬ್ಬನೇ.

ಈಗಿನ ಪ್ರಜಾರಾಜ್ಯಗಳಲ್ಲಿ ಲಾಬಿ ಎಂದು ಕರೆಯಲ್ಪಡುವ ವ್ಯವಹಾರದ ಹುಟ್ಟೂ ಇಂತಹ ಬಾಗಿಲಿನ ಬಳಿಯಲ್ಲಿಯೇ. ಶಾಸನಸಭೆಯ ಸದಸ್ಯರು ಒಳಗೂ ಹೊರಗೂ ಹಾಯುವ ಹಜಾರಕ್ಕೆ ಇಂಗ್ಲಿಷರು ಇಟ್ಟ ಹೆಸರು ಅದು. ಅಲ್ಲಿ ಕಾದುನಿಂತು ಸದಸ್ಯರ ಕಿವಿಯಲ್ಲಿ ಮಾತು ಹಾಕುವವರಿಗೆ ಸ್ಥಳದ ಹೆಸರೇ ಅಂಟಿಕೊಂಡಿತು. ನಮ್ಮ ಮೊಗಸಾಲೆ ಎಂಬ ಮಾತು ಇದಕ್ಕೆ ಎಷ್ಟು ಚೆನ್ನಾಗಿ ಹೊಂದುತ್ತದೆಂಬುದನ್ನು ಹೇಳಬೇಕಾದುದಿಲ್ಲ. ವ್ಯವಹಾರಕ್ಕಾದರೋ ವಶೀಲಿ ಎಂಬ ಮಾತು ತಾಲ್ಲೂಕು ಕಚೇರಿಯ ಮುಂದೆ ನಿಂತ ಯಾವ ರೈತನಿಗೂ ಗೊತ್ತು. ಅಮೆರಿಕದಲ್ಲಿ ಈ ವಶೀಲಿಯು ಒಂದು ವೃತ್ತಿಯಾಗಿ ಬೆಳೆದು, ವೃತ್ತಿಯವರು ತಮ್ಮ ಹೆಸರನ್ನೂ ಕಕ್ಷಿಗಾರರ ಹೆಸರನ್ನೂ ವೆಚ್ಚವನ್ನೂ ದಾಖಲೆ ಮಾಡಿಸಬೇಕೆಂದು 1946ರಲ್ಲೊಂದು, ಅದು ಸಾಲದೆ 1995ರಲ್ಲಿ ಇನ್ನೊಂದು ಶಾಸನವಾಯಿತು. 2023ರಲ್ಲಿ ಅಲ್ಲಿ ದಾಖಲೆಯಾದ ವೆಚ್ಚವೇ 400 ಕೋಟಿ ಡಾಲರುಗಳನ್ನು ಮೀರಿತ್ತು. ಅಧಿಕಾರದಿಂದ ಇಳಿದವರೇ ಈ ವೃತ್ತಿಯಲ್ಲಿ ಬಹು ಬೆಲೆಯುಳ್ಳವರು. ಕೆಳಮನೆಯ ಮಾಜಿ ಸದಸ್ಯರಿಗೆ ಸಭಾಂಗಣದೊಳಕ್ಕೆ ಬರುವ ಗೌರವವಿತ್ತು. ವಶೀಲಿಯ ವೃತ್ತಿಯನ್ನು ಹಿಡಿದ ಮಾಜಿಗಳು ಇನ್ನು ಮುಂದೆ ಸಭಾಂಗಣಕ್ಕೂ ಸದಸ್ಯರ ವ್ಯಾಯಾಮಶಾಲೆಗೂ ಕಾಲಿಡಕೂಡದೆಂದು 2006ರಲ್ಲಿ ಆ ಮನೆಯೇ ನಿಯಮ ಮಾಡಬೇಕಾಯಿತು. ವ್ಯಾಯಾಮಶಾಲೆಯನ್ನೂ ಹೆಸರಿಸಿದುದನ್ನು ಓದಿದಾಗ ನನಗೆ ನಗು ಬಂದಿತು. ವಿಷ್ಣುಶರ್ಮನಿಗೆ ಬರುತ್ತಿರಲಿಲ್ಲವೆಂದು ತೋರುತ್ತದೆ.

ಇಷ್ಟರಿಂದಲೇ ದಮನಕನನ್ನು ಖಳನೆಂದು ತೀರ್ಮಾನಿಸುವುದು ನ್ಯಾಯವಲ್ಲ. ರಾಜನ ಪ್ರೀತಿಪಾತ್ರರ ಮೂಲಕ ರಾಜಾಶ್ರಯವನ್ನು ಪಡೆಯಬೇಕೆಂದು ಕೌಟಿಲ್ಯನೇ ಅನುಜೀವಿಗಳಿಗೆ ದಾರಿಯನ್ನು ಹೇಳಿಕೊಟ್ಟಿದ್ದಾನೆ. ದೊರೆಗೆ ದೂರುಹೇಳುವ, ಬಿನ್ನಹಮಾಡುವ ಹಕ್ಕಿಲ್ಲದ ರಾಜ್ಯವು ರಾಜ್ಯವೇ ಅಲ್ಲ. ಅಮೆರಿಕದವರು ತಮ್ಮ ರಾಜ್ಯಾಂಗದ ಮೊದಲನೆಯ ತಿದ್ದುಪಡಿಯಲ್ಲಿಯೇ ಇದನ್ನು ಬರೆದುಕೊಂಡಿರುವರು. ಅಲ್ಲದೆ ದಮನಕನ ಮೊದಲನೆಯ ಸೇವೆಯು ನಿಜವಾದ ಸೇವೆ. ರಣರಂಗದಲ್ಲಿ ಬಿದ್ದ ಭೇರಿಯ ಸದ್ದಿಗೆ ಹೆದರಿದ ನರಿಯು ಹತ್ತಿರ ಹೋಗಿ ನೋಡಲಾಗಿ ಒಳಗೆ ಬರಿಯ ಮರವೂ ಚರ್ಮವೂ ಇದ್ದುವೆಂಬ ಕಥೆಯಿಂದ ಅವನು ರಾಜನ ಭಯವನ್ನು ಬಿಡಿಸುತ್ತಾನೆ. ತಾನೇ ಹೋಗಿ ವಿಚಾರಿಸಿ, ಧ್ವನಿಮಾಡಿದುದು ಸಂಜೀವಕನೆಂಬ ಗೂಳಿಯೆಂದು ನಿಶ್ಚಯಮಾಡಿಕೊಂಡು ಬಂದು, ಅಭಯವನ್ನು ಕೊಡಿಸಿ ಇಬ್ಬರಿಗೂ ಸ್ನೇಹವನ್ನು ಮಾಡಿಸುತ್ತಾನೆ. ಅವನು ಹೇಳಿದುದರಲ್ಲಿ ಒಂದಕ್ಷರವೂ ಸುಳ್ಳಲ್ಲ. ರಾಜನಿಗೆ ಗೊತ್ತಿಲ್ಲದುದನ್ನು ತಿಳಿದುಕೊಂಡು ಬಂದು ಹೇಳುವವನು ಬೇಕೇಬೇಕು. ಸಾವಿರ ವಿಷಯಗಳ ಮೇಲೆ ಶಾಸನಮಾಡಬೇಕಾದ ಈಗಿನ ಸಭೆಗಳಿಗಂತೂ ಇಂತಹವರಿಲ್ಲದೆ ನಡೆಯದು. ನಂಬಿಕೆಯು ಇಲ್ಲಿ ಸಂಪಾದನೆಯಾಗುತ್ತದೆ, ವೆಚ್ಚವಾಗುವುದು ಮುಂದೆ.

ಎರಡನೆಯ ಸಲ ಬರುವಾಗ ಅವನು ಹಿಡಿದುಕೊಂಡು ಬಂದ ಕಾರಣವೂ ಅರ್ಧ ನಿಜವೇ. ಗೂಳಿಯ ಸ್ನೇಹದಲ್ಲಿ ಮುಳುಗಿದ ಸಿಂಹನು ಬೇಟೆಯನ್ನೇ ಬಿಟ್ಟನು, ಪರಿವಾರವು ಹಸಿದಿತ್ತು. ಆ ಹಸಿವಿನ ಹೆಸರಿನಲ್ಲಿ ಅವನು ಮಾಡಿದ ಕೆಲಸದ ಫಲವು ಯಾರಿಗೆ ಬಂದಿತು? ಪರಿವಾರಕ್ಕೆ ಮಾಂಸ ಸಿಕ್ಕಿರಬಹುದು. ಮಂತ್ರಿಪದವಿ ಸಿಕ್ಕಿದುದು ದಮನಕನಿಗೆ. ಕಥೆಯ ಈ ಗಂಟನ್ನು ನಮ್ಮ ವ್ಯಾಖ್ಯಾನಕಾರರು ಸಾಕಷ್ಟು ಬಿಡಿಸಿಲ್ಲವೆಂದು ನನ್ನ ಅಭಿಪ್ರಾಯ. ತನ್ನ ಲಾಭವನ್ನು ತನ್ನದೆಂದು ಹೇಳಿಕೊಂಡು ಬರುವ ಬೇಡಿಕೆಗೆ ದೊರೆಯು ಉತ್ತರಕೊಡಬಲ್ಲನು. ಪರರ ಹಸಿವನ್ನು ಹೊದ್ದುಕೊಂಡು ಬಂದ ಲಾಭವನ್ನು ಗುರುತಿಸುವುದು ಕಷ್ಟ. ಹಸಿವು ಸುಳ್ಳಲ್ಲವಾದುದರಿಂದ ಇನ್ನೂ ಕಷ್ಟ. ನಮ್ಮ ಹುಣಸೂರು ಪಿರಿಯಾಪಟ್ಟಣಗಳ ಕಡೆಯ ಹೊಗೆಸೊಪ್ಪಿನ ಬೇಸಾಯಗಾರನ ಕಷ್ಟವೂ, ದಕ್ಷಿಣಕನ್ನಡದಲ್ಲಿ ಮನೆಯ ಜಗುಲಿಯ ಮೇಲೆ ಕುಳಿತು ಬೀಡಿ ಕಟ್ಟುವ ಹೆಂಗಸಿನ ಕಷ್ಟವೂ ಕಣ್ಣಿಗೆ ಕಾಣತಕ್ಕವು. ಸಿಗರೇಟು ಬೀಡಿಗಳ ಪೊಟ್ಟಣದ ಮೇಲೆ ನೂರಕ್ಕೆ 85 ಪಾಲು ಜಾಗದಲ್ಲಿ ಎಚ್ಚರಿಕೆಯ ಚಿತ್ರವಿರಬೇಕೆಂದು 2014ರಲ್ಲಿ ಕೇಂದ್ರ ಸರ್ಕಾರವು ವಿಧಿಸಿದಾಗ ಮೊದಲು ಕೇಳಿಬಂದುದು ಇವರ ಹೆಸರೇ. ಅದು 2015ರ ಏಪ್ರಿಲ್ 1ರಿಂದ ಜಾರಿಗೆ ಬರಬೇಕಾಗಿತ್ತು. ಲೋಕಸಭೆಯ ಒಂದು ಸಮಿತಿಯು ಅದನ್ನು ತಡೆದಿಡಬೇಕೆಂದಿತು. ತಂಬಾಕಿಗೂ ಕ್ಯಾನ್ಸರಿಗೂ ಸಂಬಂಧವುಂಟೆಂದು ತೋರಿಸಿದ ಶೋಧನೆಗಳೆಲ್ಲವೂ ವಿದೇಶದವೆಂಬ ಮಾತು ಆ ಸಮಿತಿಯ ಅಧ್ಯಕ್ಷರಿಂದಲೇ ಹೊರಟಿತು. ಸದಸ್ಯರಲ್ಲಿ ಒಬ್ಬರು ಬೀಡಿಯ ದೊಡ್ಡ ವ್ಯಾಪಾರಿಗಳಾಗಿದ್ದರು. ನಿಯಮವು ಒಂದು ವರ್ಷ ಹಿಂದೆ ಬಿದ್ದು 2016ರ ಏಪ್ರಿಲ್ 1ರಂದು ಜಾರಿಗೆ ಬಂದಿತು. 2017ರ ಡಿಸೆಂಬರಿನಲ್ಲಿ ನಮ್ಮ ಕರ್ನಾಟಕದ ಉಚ್ಚ ನ್ಯಾಯಾಲಯವು ಅದನ್ನು ರದ್ದುಮಾಡಿತು. 2018ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ತೀರ್ಪಿಗೆ ತಡೆಯಾಜ್ಞೆ ಕೊಟ್ಟಿತು. ನ್ಯಾಯಸ್ಥಾನದ ವಿಚಾರಣೆಯು ಬಹಿರಂಗ. ಅದನ್ನು ಓದಿ ಒಪ್ಪಬಹುದು, ಬಿಡಬಹುದು. ಸಮಿತಿಗೆ ಯಾರು ಬಂದು ಏನು ಹೇಳಿದರೆಂಬುದೇ ಬೆತ್ತ ಸರಿದ ಬಾಗಿಲಿನ ವಿಷಯ.

ಇನ್ನು ಕಥೆಯ ಅತ್ಯಂತ ನಿಪುಣವಾದ ಭಾಗಕ್ಕೆ ಬರೋಣ. ದಮನಕನು ಸಿಂಹನಿಗೆ ಗೂಳಿಯ ಮೇಲೂ, ಗೂಳಿಗೆ ಸಿಂಹನ ಮೇಲೂ ಸಂಶಯವನ್ನು ಹುಟ್ಟಿಸುತ್ತಾನೆ. ಇಷ್ಟನ್ನು ಯಾವ ಚಾಡಿಕೋರನಾದರೂ ಮಾಡಿಯಾನು. ದಮನಕನ ಹೆಚ್ಚುಗಾರಿಕೆಯು ಬೇರೆ. ಅವನು ಇಬ್ಬರಿಗೂ ಗುರುತುಗಳನ್ನು ಹೇಳಿಕೊಡುತ್ತಾನೆ. ಗೂಳಿಯು ಸುತ್ತಲೂ ಹೆದರಿ ನೋಡುತ್ತ, ಕೊಂಬನ್ನು ಮುಂದುಮಾಡಿ ಬಂದರೆ ದ್ರೋಹಿಯೆಂದು ತಿಳಿಯತಕ್ಕದ್ದು. ಸಿಂಹನು ಕಿವಿಯನ್ನು ನಿಮಿರಿಸಿ, ಬಾಲವನ್ನೆತ್ತಿ, ಬಾಯ್ತೆರೆದು ಕುಳಿತಿದ್ದರೆ ಕೊಲ್ಲಲು ಸಿದ್ಧನಾಗಿರುವನೆಂದು ತಿಳಿಯತಕ್ಕದ್ದು. ಇಬ್ಬರೂ ಹೆದರಿಕೊಂಡು ಬಂದುದರಿಂದ ಇಬ್ಬರಲ್ಲಿಯೂ ಹೇಳಿದ ಗುರುತುಗಳೇ ಕಂಡುವು. ಸುಳ್ಳಿಗೆ ಪ್ರತ್ಯಕ್ಷಪ್ರಮಾಣವು ದೊರೆಯಿತು! ತರ್ಕಶಾಸ್ತ್ರವನ್ನು ಓದಿದವರು ಇಲ್ಲಿ ನಿಂತು ಯೋಚಿಸಬೇಕು. ಹೇತುವು ಸಾಧ್ಯದಿಂದ ಹುಟ್ಟಿದುದಲ್ಲ, ಅನುಮಾನಮಾಡಿಸಿದವನ ಮಾತಿನಿಂದ ಹುಟ್ಟಿದುದು. ಹೊಗೆಯನ್ನು ಕಂಡು ಬೆಂಕಿಯನ್ನು ಊಹಿಸುವುದು ಸರಿ. ಹೊಗೆಯನ್ನು ಹಾಕಿಸಿ ಬೆಂಕಿಯುಂಟೆಂದು ನಂಬಿಸುವುದು ದಮನಕನ ನ್ಯಾಯ.

ಹೊಗೆಯೆಂದೊಡನೆ ಮತ್ತೆ ಆ ಸರಕೇ ನೆನಪಿಗೆ ಬರುವುದು ಯಾದೃಚ್ಛಿಕವಲ್ಲ. 1953ರ ಡಿಸೆಂಬರಿನಲ್ಲಿ ಅಮೆರಿಕದ ದೊಡ್ಡ ಸಿಗರೇಟು ಕಂಪನಿಗಳ ಯಜಮಾನರು ನ್ಯೂಯಾರ್ಕಿನ ಪ್ಲಾಜಾ ಹೋಟೆಲಿನಲ್ಲಿ ಕಲೆತರು. ಧೂಮಪಾನದಿಂದ ಶ್ವಾಸಕೋಶದ ಕ್ಯಾನ್ಸರ್ ಉಂಟಾಗುತ್ತದೆಂದು ವೈದ್ಯರು ಆಗ ಹೇಳತೊಡಗಿದ್ದರು. ಜಾನ್ ಹಿಲ್ ಎಂಬ ಪ್ರಚಾರನಿಪುಣನ ಸಲಹೆಯಂತೆ ಅವರು ವೈದ್ಯರನ್ನು ನೇರವಾಗಿ ಖಂಡಿಸಲು ಹೋಗಲಿಲ್ಲ. 1954ರ ಜನವರಿ 4ರಂದು ನಾಲ್ಕುನೂರಕ್ಕೂ ಹೆಚ್ಚು ಪತ್ರಿಕೆಗಳಲ್ಲಿ ಒಂದು ಪ್ರಕಟಣೆಯನ್ನು ಹಾಕಿಸಿ, ಜನರ ಆರೋಗ್ಯವೇ ತಮಗೆ ಮುಖ್ಯವೆಂದೂ ಅದಕ್ಕಾಗಿ ಸಂಶೋಧನೆಗೆ ತಾವೇ ಹಣ ಕೊಡುವೆವೆಂದೂ ಸಾರಿ, ಸಂಶೋಧನ ಸಮಿತಿಯೊಂದನ್ನು ಸ್ಥಾಪಿಸಿದರು. ಸಂಶೋಧನೆ ನಡೆಯುತ್ತಿದೆ, ಆದುದರಿಂದ ವಿಷಯವು ಇನ್ನೂ ತೀರ್ಮಾನವಾಗಿಲ್ಲ, ಆದುದರಿಂದ ಶಾಸನಮಾಡಲು ಕಾಲ ಬಂದಿಲ್ಲ. ಸಂದೇಹವನ್ನು ಹಣಕೊಟ್ಟು ಸಾಕಿ, ಆ ಸಂದೇಹವನ್ನೇ ಪ್ರಮಾಣವಾಗಿ ಹಿಡಿದು ತೋರಿಸಿದ ಈ ಯುಕ್ತಿಗೂ ಸಿಂಹನ ಬಾಲಕ್ಕೂ ಗೂಳಿಯ ಕೊಂಬಿಗೂ ಏನು ಭೇದ? 1964ರಲ್ಲಿ ಅಲ್ಲಿನ ಸರ್ಕಾರದ ಮುಖ್ಯ ವೈದ್ಯಾಧಿಕಾರಿಯ ವರದಿ ಹೊರಬಂದು, ಪೊಟ್ಟಣದ ಮೇಲೂ ಜಾಹೀರಾತಿನಲ್ಲಿಯೂ ಸಾವಿನ ಎಚ್ಚರಿಕೆಯಿರಬೇಕೆಂದು ವಾಣಿಜ್ಯ ಆಯೋಗವು ಹೊರಟಾಗ, ಕಂಪನಿಗಳ ಪರವಾಗಿ ಮೊಗಸಾಲೆಯಲ್ಲಿ ನಿಂತವರು ಕೆಂಟಕಿ ಪ್ರಾಂತದ ಮಾಜಿ ಗವರ್ನರೂ ಮಾಜಿ ಸೆನೆಟರೂ ಆದ ಅರ್ಲ್ ಕ್ಲೆಮೆಂಟ್ಸ್. ಹಳೆಯ ಮಂತ್ರಿಯ ಮಗನಿಗೆ ತಡೆಯುಂಟೇ? 1965ರಲ್ಲಿ ಶಾಸನವು ಬಂದಿತು. ಪೊಟ್ಟಣದ ಮೇಲೆ ಮಾತ್ರ, ಆರೋಗ್ಯಕ್ಕೆ ಅಪಾಯಕರವಾಗಬಹುದೆಂಬ "ಬಹುದು" ಸೇರಿದ ಒಂದು ಮೆತ್ತಗಿನ ವಾಕ್ಯ. ಜಾಹೀರಾತುಗಳಲ್ಲಿ ಎಚ್ಚರಿಕೆಯನ್ನು ವಿಧಿಸದಂತೆ ಆಯೋಗದ ಕೈಯನ್ನು 1969ರವರೆಗೆ ಕಟ್ಟಿಹಾಕಿದ ಒಂದು ನಿಬಂಧನೆ. ಮೇಲುನೋಟಕ್ಕೆ ಇದು ಕಂಪನಿಗಳ ಮೇಲೆ ಹೇರಿದ ಶಾಸನ. ವಿಧ್ಯರ್ಥದ ಸ್ಥಾನದಲ್ಲಿ ಸಂಭಾವನಾರ್ಥವನ್ನು ಕೂರಿಸುವುದು ವೈಯಾಕರಣರ ಕೆಲಸವೆಂದು ನಾವು ಎಣಿಸಿದ್ದೆವು. ಅದಕ್ಕೂ ಸಂಬಳದವರು ಇರುವರೆಂದಾಯಿತು.

ಚಾಡಿಯ ಕಥೆ ಬೇಕೆನ್ನುವವರಿಗೆ ವಿಷ್ಣುಶರ್ಮನು ಅದೇ ತಂತ್ರದೊಳಗೆ ಗೋರಂಭನನ್ನು ಇಟ್ಟಿದ್ದಾನೆ. ಈಗ ಪ್ರಚಲಿತವಾಗಿರುವ ಸಂಸ್ಕೃತ ಪಾಠದಲ್ಲಿ ಇದನ್ನು ನೋಡಬಹುದು. ಗೋರಂಭನು ಅರಮನೆಯ ಕಸಗುಡಿಸುವವನು. ದಂತಿಲನೆಂಬ ದೊಡ್ಡ ವರ್ತಕನ ಮನೆಯ ಮದುವೆಯಲ್ಲಿ ತನಗೆ ಸಲ್ಲದ ಆಸನದಲ್ಲಿ ಕುಳಿತು, ಕತ್ತು ಹಿಡಿದು ನೂಕಿಸಿಕೊಂಡವನು. ಮುಂಜಾನೆ ರಾಜನು ಅರೆನಿದ್ರೆಯಲ್ಲಿರುವಾಗ ಮಂಚದ ಬಳಿ ಗುಡಿಸುತ್ತ, ದಂತಿಲನು ರಾಣಿಯನ್ನು ಆಲಿಂಗಿಸುವಷ್ಟು ಸೊಕ್ಕಿರುವನೆಂದು ತನ್ನಷ್ಟಕ್ಕೆ ಗೊಣಗಿದನು. ದಂತಿಲನಿಗೆ ಅರಮನೆಯ ಬಾಗಿಲು ಮುಚ್ಚಿತು. ಕಾರಣವನ್ನರಿತ ವರ್ತಕನು ಗೋರಂಭನನ್ನು ಕರೆದು ವಸ್ತ್ರಕೊಟ್ಟು ಮನ್ನಿಸಲು, ಮರುದಿನ ಮುಂಜಾನೆ ಅವನು ರಾಜನ ವಿಷಯವಾಗಿಯೇ ಒಂದು ಅಸಂಬದ್ಧವಾದ ಹೇಸಿಗೆಯ ಮಾತನ್ನು ಗೊಣಗಿದನು. ತನ್ನ ವಿಷಯದ ಮಾತು ಸುಳ್ಳೆಂದು ಬಲ್ಲ ರಾಜನು ಮೊದಲಿನದೂ ಸುಳ್ಳೆಂದುಕೊಂಡು ದಂತಿಲನನ್ನು ಮರಳಿ ಬರಮಾಡಿಕೊಂಡನು. ಹಾಸ್ಯದಲ್ಲಿ ಈ ಕಥೆಗೆ ಸಮನಾದುದು ಪಂಚತಂತ್ರದಲ್ಲಿಯೇ ವಿರಳ. ರಾಜನು ಎರಡು ಸಲವೂ ವಿಚಾರಣೆಯನ್ನೇ ಮಾಡಲಿಲ್ಲ. ಮೊದಲನೆಯ ತೀರ್ಮಾನಕ್ಕೆಷ್ಟು ಆಧಾರವಿತ್ತೋ ಎರಡನೆಯ ತೀರ್ಮಾನಕ್ಕೂ ಅಷ್ಟೇ. ಎರಡನೆಯದು ನಿಜಕ್ಕೆ ಹೊಂದಿತೆಂಬುದೊಂದೇ ವ್ಯತ್ಯಾಸ. ನಿರಪರಾಧಿಯಾದ ದಂತಿಲನೂ ತನ್ನ ನ್ಯಾಯವನ್ನು ವಸ್ತ್ರಕೊಟ್ಟೇ ಕೊಂಡುಕೊಳ್ಳಬೇಕಾಯಿತೆಂಬುದನ್ನು ನಮ್ಮ ನೀತಿಬೋಧಕರು ಎತ್ತಿಹೇಳಿದುದನ್ನು ನಾನು ಕಾಣೆ.

ಕನ್ನಡದಲ್ಲಿ ಈ ಗ್ರಂಥವನ್ನು ಚಂಪೂರೂಪವಾಗಿ ತಂದ ದುರ್ಗಸಿಂಹನು ಮಠದಲ್ಲಿ ಕುಳಿತ ಪಂಡಿತನಾಗಿರಲಿಲ್ಲ. ಹನ್ನೊಂದನೆಯ ಶತಮಾನದ ಮೊದಲರ್ಧದಲ್ಲಿ ಚಾಲುಕ್ಯ ಜಗದೇಕಮಲ್ಲ ಜಯಸಿಂಹನಿಗೆ ಸಂಧಿವಿಗ್ರಹಿಯಾಗಿದ್ದವನು. ವಸುಭಾಗಭಟ್ಟನ ಪಾಠವನ್ನು ಅನುಸರಿಸಿದ ಇವನು ಮೊದಲನೆಯ ಪ್ರಕರಣವನ್ನು ಕರೆದುದು "ಭೇದ"ವೆಂದು. ಸಾಮ ದಾನ ಭೇದ ದಂಡಗಳೆಂಬ ಉಪಾಯಗಳಲ್ಲಿ ಭೇದವು ದೊರೆಯು ಶತ್ರುವಿನ ಮೇಲೆ ಪ್ರಯೋಗಿಸತಕ್ಕದ್ದು. ಇಲ್ಲಿ ಅದನ್ನು ಪ್ರಯೋಗಿಸುವವನು ಸೇವಕ, ಪ್ರಯೋಗಕ್ಕೆ ಗುರಿಯಾದವನು ದೊರೆ. ಮಿತ್ರಭೇದವೆಂದಾಗ ಸ್ನೇಹವು ಮುರಿದ ದುಃಖವು ಮುಂದೆ ಬರುವುದು; ಬರಿಯ ಭೇದವೆಂದಾಗ ಉಪಾಯದ ಮೇಲೆ ಕಣ್ಣು ಬೀಳುವುದು. ಸಂಧಿವಿಗ್ರಹಗಳ ಲೇಖನಿಯನ್ನು ಹಿಡಿದ ಅಧಿಕಾರಿಗೆ ಈ ಎರಡನೆಯ ಹೆಸರೇ ಒಪ್ಪಿತೆಂಬುದು ಸಹಜ. ವರ್ಣನೆಗಳಲ್ಲಿ ಅವನ ಸಂಸ್ಕೃತಸಮಾಸಗಳು ಕೆಲವೆಡೆ ಉಸಿರುಕಟ್ಟಿಸುವುವೆಂಬ ದೂರನ್ನು ನಾನು ಅಲ್ಲಗಳೆಯುವುದಿಲ್ಲ. ಆದರೂ ರಾಜಸಭೆಯ ಗಾಳಿಯನ್ನು ಕುಡಿದವನು ಬರೆದ ಪಂಚತಂತ್ರವು ನಮ್ಮ ಭಾಷೆಗೆ ದಕ್ಕಿತೆಂಬುದು ಸಣ್ಣ ಭಾಗ್ಯವಲ್ಲ.

ಇನ್ನೊಬ್ಬ ಅಧಿಕಾರಿಯ ಕೈಗೆ ಇದೇ ಕಥೆಯು ಸಿಕ್ಕಿದಾಗ ಏನಾಯಿತೆಂಬುದನ್ನು ಹೋಲಿಸಿ ನೋಡಬೇಕು. ಆರನೆಯ ಶತಮಾನದಲ್ಲಿ ಪಾರಸಿಕ ದೊರೆ ನೌಶೇರವಾನನ ಕಾಲದಲ್ಲಿ ಪಹ್ಲವಿ ಭಾಷೆಗೆ ಹೋದ ಪಂಚತಂತ್ರವನ್ನು ಎಂಟನೆಯ ಶತಮಾನದಲ್ಲಿ ಇಬ್ನ್ ಅಲ್ ಮುಕಫ್ಫನೆಂಬವನು ಅರಬ್ಬಿಗೆ ತಂದನು. ಕರಟಕ ದಮನಕರು ಅಲ್ಲಿ ಕಲೀಲ ದಿಮ್ನರಾದರು. ಇವನೂ ಆಳುವವರ ಬಳಿ ಲೇಖಕನಾಗಿದ್ದವನು. ಕೊನೆಗೆ ಅಧಿಕಾರದ ಕೋಪಕ್ಕೆ ಸಿಕ್ಕಿ ಕೊಲೆಯಾದವನು. ನಮ್ಮ ಸಂಸ್ಕೃತ ಪಾಠಗಳಲ್ಲಿ ಗೂಳಿಯು ಸತ್ತ ಬಳಿಕ ಸಿಂಹನು ಸ್ವಲ್ಪ ಮರುಗುವನು, ದಮನಕನು ಸಮಾಧಾನ ಹೇಳುವನು, ಮಂತ್ರಿಯಾಗುವನು, ತಂತ್ರ ಮುಗಿಯಿತು. ಅರಬ್ಬಿಯಲ್ಲಿ ಹೀಗೆ ಮುಗಿಯಗೊಡಲಿಲ್ಲ. ದಿಮ್ನನ ವಿಚಾರಣೆಯೆಂಬ ಒಂದು ಹೊಸ ಅಧ್ಯಾಯವೇ ಹುಟ್ಟಿತು. ಅದು ಅವನೇ ಸೇರಿಸಿದುದೆಂದು ವಿದ್ವಾಂಸರ ಅಭಿಪ್ರಾಯ. ರಾತ್ರಿಯಲ್ಲಿ ಕಲೀಲನು ದಿಮ್ನನನ್ನು ನಿಂದಿಸುತ್ತಿದ್ದುದನ್ನು ಚಿರತೆಯೊಂದು ಮರೆಯಿಂದ ಕೇಳಿ, ಸಿಂಹನ ತಾಯಿಗೆ ಗುಟ್ಟಾಗಿ ತಿಳಿಸಿತು. ದಿಮ್ನನನ್ನು ಸಭೆಯ ಮುಂದೆ ನಿಲ್ಲಿಸಿದರು. ಅವನ ವಾಗ್ಮಿತೆಯ ಮುಂದೆ ಸಭೆಯೇ ಮೂಕವಾಯಿತು. ಒಬ್ಬನ ಸಾಕ್ಷ್ಯದಿಂದ ದಂಡಿಸುವಂತಿಲ್ಲ. ಸೆರೆಮನೆಯಲ್ಲಿ ಅವರ ಮಾತನ್ನು ಕೇಳಿದ್ದ ಎರಡನೆಯ ಸಾಕ್ಷಿ ಬಂದ ಮೇಲೆಯೇ ಅವನಿಗೆ ಮರಣದಂಡನೆಯಾಯಿತು.

ಕಾವ್ಯದೃಷ್ಟಿಯಿಂದ ಈ ಅಧ್ಯಾಯವು ಮೂಲದ ಕಟುತ್ವವನ್ನು ಕೆಡಿಸಿತೆಂದು ಹೇಳುವವರುಂಟು. ಬಹುದಿನ ನಾನೂ ಆ ಪಕ್ಷದವರ ವಾದವನ್ನು ಗೌರವದಿಂದ ಕೇಳಿದ್ದೇನೆ. ಆದರೆ ಅನುವಾದಕನು ನೀತಿಯ ಬಾಲವನ್ನಂಟಿಸಲಿಲ್ಲ. ಮರೆಯಲ್ಲಿ ಆಡಿದ ಮಾತು ಸಭೆಯೊಳಕ್ಕೆ ಹೇಗೆ ಬರಬೇಕೆಂಬ ಒಂದೇ ಪ್ರಶ್ನೆಯ ಮೇಲೆ ಇಡೀ ಅಧ್ಯಾಯವನ್ನು ನಿಲ್ಲಿಸಿದನು. ನಮ್ಮ ದೇಶದಲ್ಲಿ ಈ ಪ್ರಶ್ನೆಗೆ ಶಾಸನದ ಉತ್ತರವಿನ್ನೂ ಇಲ್ಲ. 2012ರಲ್ಲಿ ವಾಲ್‌ಮಾರ್ಟ್ ಎಂಬ ಅಮೆರಿಕದ ಕಂಪನಿಯು ಇಂಡಿಯಾದ ಮಾರುಕಟ್ಟೆಯ ಪ್ರವೇಶವೇ ಮೊದಲಾದ ವಿಷಯಗಳಿಗಾಗಿ ತನ್ನ ದೇಶದಲ್ಲಿ ವಶೀಲಿಗೆ ಮಾಡಿದ ವೆಚ್ಚವನ್ನು ಅಲ್ಲಿಯ ಶಾಸನದಂತೆ ಬರೆಸಿದುದರಿಂದ ನಮ್ಮ ಪಾರ್ಲಿಮೆಂಟಿನಲ್ಲಿ ಗದ್ದಲವೆದ್ದು, ನಿವೃತ್ತ ನ್ಯಾಯಾಧೀಶರಿಂದ ವಿಚಾರಣೆಯಾಗಬೇಕಾಯಿತು. ನಮ್ಮ ಬಾಗಿಲಿಗೆ ಸಂಬಂಧಪಟ್ಟ ಲೆಕ್ಕವನ್ನು ನಾವು ಪರರ ಕಡತದಲ್ಲಿ ಓದಿಕೊಂಡೆವು. 2013ರಲ್ಲಿ ಲೋಕಸಭೆಯ ಸದಸ್ಯರೊಬ್ಬರು ವಶೀಲಿಯನ್ನು ಬಹಿರಂಗಪಡಿಸುವ ಮಸೂದೆಯೊಂದನ್ನು ಖಾಸಗಿಯಾಗಿ ತಂದರು, ಅದು ಶಾಸನವಾಗಲಿಲ್ಲ.

ಅಮೆರಿಕದ ಸಿಗರೇಟು ಕಂಪನಿಗಳಿಗೂ ಒಂದು ದಿಮ್ನನ ವಿಚಾರಣೆ ನಡೆಯಿತು. ಅಲ್ಲಿ ಚಿರತೆಯ ಕೆಲಸವನ್ನು ಮಾಡಿದುವು ಕಾಗದಗಳು. 1994ರಿಂದೀಚೆಗೆ ಹೊರಬಿದ್ದ ಕಂಪನಿಗಳ ಒಳಪತ್ರಗಳಲ್ಲಿ, ತಾವು ಮಾರುವ ಸರಕು ಸಂದೇಹವೇ ಎಂದು 1969ರಲ್ಲಿ ಒಬ್ಬರು ಬರೆದಿಟ್ಟಿದ್ದುದೂ ಸಿಕ್ಕಿತು. 1999ರಲ್ಲಿ ಸರ್ಕಾರವು ಹೂಡಿದ ವ್ಯಾಜ್ಯದಲ್ಲಿ ಗ್ಲಾಡಿಸ್ ಕೆಸ್ಲರ್ ಎಂಬ ನ್ಯಾಯಾಧೀಶೆಯು 2006ರಲ್ಲಿ ಸಾವಿರದ ಆರುನೂರು ಪುಟಗಳಿಗೂ ಮೀರಿದ ತೀರ್ಪನ್ನು ಬರೆದು, ಕಂಪನಿಗಳು ಐವತ್ತು ವರ್ಷ ಕೂಡಿ ಜನರನ್ನು ವಂಚಿಸಿದುವೆಂದು ನಿರ್ಣಯಿಸಿ, ನಿಜವನ್ನು ತಾವಾಗಿ ಪತ್ರಿಕೆಗಳಲ್ಲಿ ಪ್ರಕಟಿಸಬೇಕೆಂದು ಆಜ್ಞಾಪಿಸಿದರು. ಆ ಪ್ರಕಟಣೆಯ ಪದಗಳು ಹೇಗಿರಬೇಕೆಂಬ ವಾದವು ಮುಂದೆ ಹನ್ನೊಂದು ವರ್ಷ ನಡೆಯಿತು. 1954ರ ಪ್ರಕಟಣೆಗೆ ಹೋಟೆಲಿನ ಸಭೆಯಿಂದ ಪತ್ರಿಕೆಯವರೆಗೆ ಮೂರು ವಾರಗಳು ಸಾಕಾಗಿದ್ದುವು. ಇದು ಅಚ್ಚಾದುದು 2017ರ ನವೆಂಬರಿನಲ್ಲಿ.